ಚೀಡ್ ಕಾಡು ಎಷ್ಟು ನೀರು ಕುಡಿಯುತ್ತದೆ? ಅಳೆದು ನೋಡುವುದು ಹೀಗೆ

ಉತ್ತರಾಖಂಡದ ಕುಮಾವೂಂ ಬೆಟ್ಟದ ಯಾವ ಹಳ್ಳಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. ಬಾಂಜ್ ಇದ್ದಲ್ಲಿ ನೀರು, ಚೀಡ್ ಇದ್ದಲ್ಲಿ ಬರ. ಬಾಂಜ್ ಅಂದರೆ ಅಲ್ಲಿಯ ಓಕ್ ಮರ, ಚೀಡ್ ಅಂದರೆ ಪೈನ್. ಊರಿನ ನೌಲಾ, ಅಂದರೆ ಕಲ್ಲು ಕಟ್ಟಿದ ಹಳೆಯ ಒರತೆ, ಬತ್ತಿತು ಅಂದರೆ ಮೊದಲ ದೂರು ಚೀಡ್ ಮೇಲೆಯೇ. ನಮ್ಮ ಬಯಲುಸೀಮೆಯಲ್ಲಿ ನೀಲಗಿರಿ ಬಗ್ಗೆ ಹೇಳುವ ಹಾಗೆಯೇ, ಅಲ್ವಾ?

ದೂರು ನಿಜ ಇರಬಹುದು. ಆದರೆ ಎಷ್ಟು ನಿಜ? ಅಲ್ಮೋರಾ ಕಡೆಯ ಒಂದು ಚೀಡ್ ಇಳಿಜಾರಿನಲ್ಲಿ ನಾನು ಎರಡು ಮಳೆಗಾಲ, ಒಂದು ಬೇಸಿಗೆ ಅಳತೆ ಮಾಡಿದೆ. ಊರಿನವರ ಜೊತೆ ಸೇರಿ ಕಡಿಮೆ ಖರ್ಚಿನಲ್ಲಿ ಇದನ್ನು ಮಾಡಬಹುದು ಅನ್ನುವುದು ಅಲ್ಲಿ ಗೊತ್ತಾಯಿತು. ಸಲಕರಣೆ ತರುವುದು ಕಷ್ಟವಲ್ಲ. ಒಂದು ಬಾಟಲಿಯ, ಒಂದು ಮರದ ಅಂಕಿಯನ್ನು ಇಡೀ ಕಾಡಿಗೆ ಹಿಗ್ಗಿಸುವಾಗಲೇ ತಪ್ಪುಗಳೆಲ್ಲ ಆಗುವುದು. ಆದ್ದರಿಂದ ಅಂಥ ಜಾಗಗಳಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೊದಲು ಲೆಕ್ಕದ ಭಾಷೆ. 1 ಚದರ ಮೀಟರ್ ಜಾಗದ ಮೇಲೆ 1 ಲೀಟರ್ ನೀರು ಹರಡಿದರೆ ಅದು 1 ಮಿ.ಮೀ. ಒಂದು ಹೆಕ್ಟೇರಿಗೆ 1 ಮಿ.ಮೀ. ಅಂದರೆ 10,000 ಲೀಟರ್. ಮಳೆ, ಮಣ್ಣಿನ ತೇವ, ಮರ ಕುಡಿದದ್ದು, ಹಳ್ಳದಲ್ಲಿ ಹರಿದದ್ದು, ಎಲ್ಲವನ್ನೂ ಕೊನೆಗೆ ಮಿ.ಮೀ.ಗೆ ತನ್ನಿ. ಆಗ ಮಾತ್ರ ಒಂದರಿಂದ ಒಂದನ್ನು ಕಳೆಯಬಹುದು.

ಕಾಡಿನಿಂದ ನೀರು ಆವಿಯಾಗಿ ಹೋಗುವುದಕ್ಕೆ ಮೂರು ದಾರಿ ಇವೆ. ಮಳೆ ಬಂದಾಗ ಎಲೆ, ಕೊಂಬೆ ಒದ್ದೆಯಾಗಿ, ಆ ನೀರು ನೆಲಕ್ಕೆ ಬೀಳದೆ ಅಲ್ಲೇ ಒಣಗಿ ಹೋಗುವುದು ಒಂದು. ಬೇರು ಕುಡಿದ ನೀರು ಎಲೆಯ ಮೂಲಕ ಹೊರಗೆ ಹೋಗುವುದು ಇನ್ನೊಂದು. ನೆಲದಿಂದ, ನೆಲದ ಮೇಲಿನ ತರಗಿನಿಂದ ಆರಿ ಹೋಗುವುದು ಮೂರನೆಯದು. ಚೀಡ್ ನೀರು ಕುಡಿಯುತ್ತದೆ ಅನ್ನುವವರು ಎರಡನೆಯದನ್ನು ಮಾತ್ರ ನೆನೆಸಿಕೊಂಡಿರುತ್ತಾರೆ. ಪೈನ್ ಕಾಡಿನಲ್ಲಿ ಮೊದಲನೆಯದೂ ದೊಡ್ಡದೇ. ವರ್ಷವಿಡೀ ಸೂಜಿ ಎಲೆ ಹೊತ್ತು ನಿಲ್ಲುವ ಮರ ಅದು, ಯಾವ ತಿಂಗಳು ಮಳೆ ಬಂದರೂ ತಡೆಯಲು ಎಲೆ ಇದ್ದೇ ಇರುತ್ತದೆ.

ಜಾಗ ಆರಿಸುವುದು

1,000 ಚದರ ಮೀಟರಿನ ಒಂದು ತುಂಡು ಸಾಕು. ಹಗ್ಗ ಕಟ್ಟಿ ಗುರುತು ಮಾಡಿ. ಒಳಗಿರುವ ಪ್ರತಿ ಮರಕ್ಕೂ ನಂಬರ್ ಹಾಕಿ, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆಯಿರಿ. ಇಳಿಜಾರಿನಲ್ಲಿ ನಿಂತಾಗ ಮೇಲಿನ ಬದಿಯಿಂದ ಅಳೆಯಬೇಕು, ಇಲ್ಲದಿದ್ದರೆ ಒಬ್ಬೊಬ್ಬರ ಅಳತೆ ಒಂದೊಂದು ಬರುತ್ತದೆ.

ಇಲ್ಲೇ ಮೊದಲ ತಪ್ಪು ಆಗುವುದು. ಮಳೆ ಮೇಲಿನಿಂದ ಬೀಳುತ್ತದೆ. ಹಾಗಾಗಿ ಜಾಗದ ಅಳತೆಯನ್ನು ಸಮತಟ್ಟಾಗಿ ಹಿಡಿಯಬೇಕು, ಇಳಿಜಾರಿನ ಮೈ ಮೇಲೆ ಅಲ್ಲ. 30 ಡಿಗ್ರಿ ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಹಾಸಿ 20 ಮೀಟರ್ ಅಳೆದರೆ ನಿಜವಾದ ಅಡ್ಡಳತೆ 17.3 ಮೀಟರ್ ಮಾತ್ರ. ಇದನ್ನು ಮರೆತರೆ ಮುಂದಿನ ಎಲ್ಲ ಅಂಕಿಯಲ್ಲೂ ಶೇ. 13ರಷ್ಟು ತಪ್ಪು ಕೂತುಬಿಡುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂಟು ತೆಗೆಯುವ ಮರಗಳನ್ನೂ ಮೊದಲೇ ಗುರುತಿಸಿಕೊಳ್ಳಿ. ಚೀಡ್ ತೊಗಟೆ ಕೆತ್ತಿ ಅಂಟು ಇಳಿಸುತ್ತಾರೆ, ಅಲ್ಲಿ ಅದಕ್ಕೆ ಲೀಸಾ ಅನ್ನುತ್ತಾರೆ. ಕೆತ್ತಿದ ಮರದಲ್ಲಿ ಕಾಂಡದ ನೀರೂ ಸರಿಯಾಗಿ ಸಿಗುವುದಿಲ್ಲ, ಒಳಗಿನ ರಸದ ಓಟವೂ ಅಡ್ಡಾದಿಡ್ಡಿ. ಅಂಥ ಮರಕ್ಕೆ ಸಲಕರಣೆ ಹಾಕಬೇಡಿ. ಆದರೆ ಲೆಕ್ಕದಿಂದ ಬಿಡಲೂಬೇಡಿ, ಅದೂ ಕಾಡಿನ ಮರವೇ.

ಮಳೆ ಮತ್ತು ಮರದ ಹನಿ

ಮಳೆ ಮಾಪಕ ಬಯಲಿನಲ್ಲಿ ಇರಬೇಕು. ಹತ್ತಿರದ ಮರದ ಎತ್ತರ 20 ಮೀಟರ್ ಇದ್ದರೆ 40 ಮೀಟರ್ ದೂರ ಇಡಿ. ಅಷ್ಟು ಬಯಲು ಕಾಡಿನ ಹತ್ತಿರ ಸಿಗುವುದು ಕಷ್ಟ. ನನಗೆ ಸಿಕ್ಕಿದ್ದು ಪಕ್ಕದ ಊರಿನ ಮೆಟ್ಟಿಲುಗದ್ದೆಯ ಬದು. ಗದ್ದೆಯ ಅಜ್ಜಿ ಒಪ್ಪಿದರು, ಮಾತ್ರವಲ್ಲ, ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆದಿಡುವ ಕೆಲಸವನ್ನೂ ಅವರ ಮೊಮ್ಮಗಳೇ ಹಿಡಿದಳು. ಹವಾಮಾನ ಇಲಾಖೆಯವರು ದಿನದ ಮಳೆ ಓದುವುದೂ 8.30ಕ್ಕೇ. ಅದೇ ಹೊತ್ತು ಇಟ್ಟುಕೊಂಡರೆ ಹತ್ತಿರದ ಅವರ ಕೇಂದ್ರದ ಅಂಕಿಯ ಜೊತೆ ಹೋಲಿಸಬಹುದು.

ಈಗ ಕಾಡಿನ ಒಳಗೆ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ ಅನ್ನುತ್ತೇವಲ್ಲ, ಆ ಮರದ ಹನಿಯನ್ನೇ ಹಿಡಿಯಬೇಕು. ದುಡ್ಡು, ಸಮಯ ಎರಡೂ ಕಡಿಮೆ ಇದ್ದು ಒಂದೇ ಕೆಲಸ ಮಾಡಲು ಸಾಧ್ಯ ಅಂದರೆ ಇದನ್ನೇ ಮಾಡಿ ಅಂತ ನಾನು ಹೇಳುತ್ತೇನೆ. ಅಗ್ಗ, ಕರೆಂಟ್ ಬೇಡ, ಸರಿಯಾಗಿ ಮಾಡಿದರೆ ಯಾರೂ ಅಲ್ಲಗಳೆಯುವ ಹಾಗಿಲ್ಲ.

20 ಸೆಂ.ಮೀ. ಬಾಯಿಯ ಪ್ಲಾಸ್ಟಿಕ್ ಆಲಿಕೆ, ಕೆಳಗೆ 5 ಲೀಟರಿನ ಕ್ಯಾನ್. ಆಲಿಕೆಯ ಬಾಯಿಯ ವಿಸ್ತೀರ್ಣ 314 ಚದರ ಸೆಂ.ಮೀ. ಅಂದರೆ ಕ್ಯಾನಿನಲ್ಲಿ 31.4 ಮಿ.ಲೀ. ನೀರು ಸೇರಿದರೆ 1 ಮಿ.ಮೀ. ಹನಿ ಬಿದ್ದಿದೆ ಅಂತ ಲೆಕ್ಕ. ಆಲಿಕೆ ಮಟ್ಟಸವಾಗಿ ಕೂರಬೇಕು, ಇಳಿಜಾರಿನ ಜೊತೆ ವಾಲಬಾರದು. ಕ್ಯಾನನ್ನು ಅರ್ಧ ಮಣ್ಣಿನಲ್ಲಿ ಹೂತಿಟ್ಟರೆ ಬಿಸಿಲಿಗೆ ನೀರು ಆರುವುದಿಲ್ಲ, ಲಂಗೂರ್‌ಗಳ ಕೈಗೂ ಬೇಗ ಸಿಗುವುದಿಲ್ಲ.

ಎಷ್ಟು ಆಲಿಕೆ? ನಾಲ್ಕೈದು ಇಟ್ಟರೆ ಏನೂ ಪ್ರಯೋಜನವಿಲ್ಲ. ಕೊಂಬೆಯ ತುದಿಯ ಕೆಳಗೆ ಬಯಲಿಗಿಂತಲೂ ಜಾಸ್ತಿ ನೀರು ಸಿಗಬಹುದು, ಎರಡು ಹೆಜ್ಜೆ ಆಚೆ ಅರ್ಧವೂ ಸಿಗದಿರಬಹುದು. 25 ಆಲಿಕೆ ಇಡಿ. ಪ್ರತಿ ದೊಡ್ಡ ಮಳೆಯ ನಂತರ ಅರ್ಧದಷ್ಟನ್ನು ಎತ್ತಿ ಬೇರೆ ಕಡೆ ಹಾಕಿ, ಎಲ್ಲಿಗೆ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ನಮ್ಮ ಕಣ್ಣು ಆರಿಸಲು ಹೊರಟರೆ ಯಾವಾಗಲೂ ನಡೆಯಲು ಸುಲಭವಾದ, ಮರಗಳ ನಡುವಿನ ತೆರಪು ಜಾಗವನ್ನೇ ಆರಿಸುತ್ತದೆ.

ಚೀಡ್‌ನದೇ ಒಂದು ತೊಂದರೆ ಇದೆ. ಅದರ ಎಲೆ ಮೂರು ಮೂರು ಸೂಜಿಯ ಕಂತೆ, ಉದ್ದ 20ರಿಂದ 30 ಸೆಂ.ಮೀ. ಉದುರಿದ ಒಂದು ಸೂಜಿ ಆಲಿಕೆಯ ಬಾಯಿಗೆ ಅಡ್ಡ ಬಿದ್ದರೆ ಎರಡೂ ತುದಿ ಅಂಚಿನಿಂದ ಹೊರಗೆ ಚಾಚಿಕೊಳ್ಳುತ್ತದೆ. ಒಂದು ಮಳೆಯಲ್ಲಿ ಕೊಡೆ ಹಿಡಿದು ಪಕ್ಕದಲ್ಲೇ ಕೂತು ನೋಡಿದೆ. ಹನಿ ಸೂಜಿಯ ಮೇಲೆ ಬೀಳುತ್ತದೆ, ಸೂಜಿಗುಂಟ ಮೆಲ್ಲಗೆ ಜಾರುತ್ತದೆ, ಆಲಿಕೆಯ ಹೊರಗೆ ತೊಟ್ಟಿಕ್ಕುತ್ತದೆ. ಹತ್ತು ಸೂಜಿ ಹೀಗೆ ಬಿದ್ದಿದ್ದರೆ ಅಳತೆ ಕೆಟ್ಟಿತು. ಅಂಚು ಎತ್ತರವಿರುವ ಆಲಿಕೆ ಬಳಸಿ, ಇಲ್ಲವೇ ಬಾಯಿಗೆ ಮೂರು ಇಂಚು ಎತ್ತರದ ಪಿ.ವಿ.ಸಿ. ಬಳೆ ಅಂಟಿಸಿ. ಒಳಗೆ ಅಗಲ ಕಣ್ಣಿನ ಜಾಲರಿ ಹಾಕಿ. ಎರಡು ದಿನಕ್ಕೊಮ್ಮೆ ಸೂಜಿ ತೆಗೆಯಿರಿ.

ಕಾಂಡದ ಮೇಲೆ ಇಳಿಯುವ ನೀರಿಗೆ ಬೇರೆ ಏರ್ಪಾಡು. ಒಂದು ಇಂಚಿನ ಹೋಸ್ ಪೈಪನ್ನು ಉದ್ದಕ್ಕೆ ಸೀಳಿ, ಮರದ ಸುತ್ತ ಓರೆಯಾಗಿ ಒಂದೂವರೆ ಸುತ್ತು ಸುತ್ತಿ, ಸಣ್ಣ ಮೊಳೆ ಹೊಡೆದು, ಸಂದಿಗೆ ಸಿಲಿಕಾನ್ ತುಂಬಿ, ಕೆಳತುದಿಯನ್ನು ಡ್ರಮ್ಮಿಗೆ ಬಿಡಿ. ಚೀಡ್ ತೊಗಟೆ ಹಲಗೆ ಹಲಗೆಯಾಗಿ ಎದ್ದಿರುತ್ತದೆ. ಹೊರಗಿನ ಸಡಿಲ ಪದರವನ್ನು ಮಚ್ಚಿನಿಂದ ಮೆಲ್ಲಗೆ ಸವರಿ ನಯ ಮಾಡಿಕೊಳ್ಳದಿದ್ದರೆ ನೀರು ಪೈಪಿನ ಹಿಂದಿನಿಂದ ಜಾರಿಹೋಗುತ್ತದೆ. ಹಸಿ ತೊಗಟೆಗೆ ಗಾಯ ಆಗಬಾರದು, ಗಾಯವಾದರೆ ಅಂಟು ಸುರಿದು ಪೈಪ್ ಕಟ್ಟಿಕೊಳ್ಳುತ್ತದೆ. ಒಂದು ಬಕೆಟ್ ನೀರನ್ನು ಮೇಲಿನಿಂದ ಸುರಿದು ಸೋರುತ್ತದಾ ಅಂತ ನೋಡಿ, ನಂತರವೇ ನಂಬಿ. ಒರಟು ತೊಗಟೆಯ ಪೈನ್‌ಗಳಲ್ಲಿ ಕಾಂಡದ ನೀರು ಕಡಿಮೆ. ಎಂಟು ಮರಕ್ಕೆ ಕಟ್ಟಿದರೆ ಸಾಕು.

ಲೆಕ್ಕದ ಒಂದು ಮಾದರಿ. ಬಯಲಿನಲ್ಲಿ 20 ಮಿ.ಮೀ. ಮಳೆ. 25 ಆಲಿಕೆಯ ಸರಾಸರಿ 15.5 ಮಿ.ಮೀ. ಎಂಟು ಮರದಲ್ಲಿ ಸರಾಸರಿ 7.5 ಲೀಟರ್ ಕಾಂಡದ ನೀರು, ನಮ್ಮ ತುಂಡಿನಲ್ಲಿ 40 ಮರ, ಒಟ್ಟು 300 ಲೀಟರ್. ಅದನ್ನು 1,000 ಚದರ ಮೀಟರಿಗೆ ಹಂಚಿದರೆ 0.3 ಮಿ.ಮೀ. ನೆಲ ಮುಟ್ಟಿದ್ದು 15.8. ಉಳಿದ 4.2 ಮಿ.ಮೀ. ಮರದ ಮೇಲೆಯೇ ಆರಿತು. ಸಣ್ಣ ಮಳೆಯಲ್ಲಿ ಈ ಪಾಲು ಇನ್ನೂ ಜಾಸ್ತಿ, ಎರಡು ಮೂರು ಮಿ.ಮೀ. ಬಂದು ನಿಂತರೆ ಹೆಚ್ಚಿನದೆಲ್ಲ ಎಲೆಯಲ್ಲೇ ಉಳಿಯುತ್ತದೆ. ಅದಕ್ಕೇ ವರ್ಷದ ಒಟ್ಟು ಮಳೆಗೆ ಒಂದೇ ಶೇಕಡಾ ಹಚ್ಚಬೇಡಿ. ಮಳೆ ಮಳೆಗೂ ಬೇರೆ ಬೇರೆ ಬರೆದಿಡಿ.

ನೆಲದ ತರಗು

ಉದುರಿದ ಸೂಜಿಗೆ ಅಲ್ಲಿ ಪಿರುಲ್ ಅನ್ನುತ್ತಾರೆ. ಮಲೆನಾಡಿನಲ್ಲಿ ನಾವು ಕೊಟ್ಟಿಗೆಗೆ ದರಗು ಗುಡಿಸಿ ತರುವ ಹಾಗೆ ಅಲ್ಲಿನ ಹೆಂಗಸರು ಪಿರುಲ್ ಹೊತ್ತು ತಂದು ದನದ ಕಾಲಡಿಗೆ ಹಾಸುತ್ತಾರೆ. ಬೇಸಿಗೆಯಲ್ಲಿ ಬೆಂಕಿ ಹಿಡಿಯುವುದೂ ಇದಕ್ಕೇ. ನೀರಿನ ಲೆಕ್ಕದಲ್ಲಿ ಇದಕ್ಕೂ ಪಾಲಿದೆ, ಒದ್ದೆಯಾಗುತ್ತದೆ, ಆರುತ್ತದೆ, ಅಷ್ಟು ನೀರು ಮಣ್ಣಿಗೆ ಇಳಿಯುವುದೇ ಇಲ್ಲ.

ಒಂದು ಅಡಿ ಅಗಲದ ಪಿ.ವಿ.ಸಿ. ಕೊಳವೆಯನ್ನು ಒಂದು ಅಡಿ ಉದ್ದಕ್ಕೆ ಕತ್ತರಿಸಿ, ಮಣ್ಣು ಮತ್ತು ಮೇಲಿನ ತರಗು ಕದಡದ ಹಾಗೆ ನೆಲಕ್ಕೆ ಒತ್ತಿ ಎತ್ತಿ. ತಳ ಮುಚ್ಚಿ ಅದೇ ಗುಂಡಿಯಲ್ಲಿ ಇಡಿ. ಮಳೆ ಇಲ್ಲದ ದಿನಗಳಲ್ಲಿ ಬೆಳಿಗ್ಗೆ, ಮರುದಿನ ಬೆಳಿಗ್ಗೆ ತೂಗಿ. ಎಷ್ಟು ಗ್ರಾಂ ಇಳಿಯಿತೋ ಅಷ್ಟು ನೀರು ಆರಿದೆ. 10 ಗ್ರಾಂ ವ್ಯತ್ಯಾಸ ಹಿಡಿಯುವ ತಕ್ಕಡಿ ಬೇಕು. ನಾಲ್ಕೈದು ದಿನಕ್ಕೊಮ್ಮೆ ಹೊಸ ಮಣ್ಣು ತುಂಬಿ, ಒಳಗೆ ಬೇರು ಕುಡಿಯುವುದಿಲ್ಲವಾದ್ದರಿಂದ ಹಳೆಯ ಮಣ್ಣು ಹೊರಗಿನದಕ್ಕಿಂತ ಒದ್ದೆಯಾಗಿಯೇ ಉಳಿದುಬಿಡುತ್ತದೆ.

ಮರ ಕುಡಿಯುವುದನ್ನು ಹಿಡಿಯುವುದು

ಫ್ರಾನ್ಸಿನ ವಿಜ್ಞಾನಿ ಆಂದ್ರೆ ಗ್ರಾನಿಯೆ 1985ರಲ್ಲಿ ಪ್ರಕಟಿಸಿದ ವಿಧಾನ ಇವತ್ತಿಗೂ ಎಲ್ಲಕ್ಕಿಂತ ಅಗ್ಗ. 2 ಸೆಂ.ಮೀ. ಉದ್ದದ, 2 ಮಿ.ಮೀ. ದಪ್ಪದ ಎರಡು ಲೋಹದ ಸೂಜಿ. ಒಂದರ ನೇರ ಕೆಳಗೆ ಇನ್ನೊಂದು, ನಡುವೆ 10ರಿಂದ 15 ಸೆಂ.ಮೀ. ಮೇಲಿನದಕ್ಕೆ 0.2 ವಾಟ್ ಬಿಸಿ ಸದಾ ಕೊಡುತ್ತಿರಬೇಕು. ಕೆಳಗಿನದು ಮರದ ಸಹಜ ತಾಪವನ್ನು ತೋರಿಸುತ್ತದೆ. ಎರಡರ ನಡುವಿನ ತಾಪದ ಅಂತರವನ್ನು ಲಾಗರ್, ಅಂದರೆ ಅಂಕಿಗಳನ್ನು ತಾನೇ ದಾಖಲಿಸುವ ಪೆಟ್ಟಿಗೆ, ಬರೆದುಕೊಳ್ಳುತ್ತದೆ. ರಸ ಓಡದ ರಾತ್ರಿ ಅಂತರ ಜಾಸ್ತಿ. ಹಗಲು ರಸ ಓಡುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ, ಅಂತರ ಇಳಿಯುತ್ತದೆ.

ಹಾಕುವಾಗ ಹೊರ ತೊಗಟೆ ಕೆತ್ತಿ, ಹಸಿ ಮರ ಸಿಗುವಲ್ಲಿಂದ ಡ್ರಿಲ್ ಮಾಡಿ. ಸಣ್ಣ ಅಲ್ಯೂಮಿನಿಯಂ ಕೊಳವೆಯೊಳಗೆ ಸೂಜಿ ಕೂರಿಸಿ, ಸುತ್ತ ಶಾಖ ಹಾಯಿಸುವ ಗ್ರೀಸ್ ಹಚ್ಚಿ. ಉತ್ತರ ಬದಿಗೆ ಹಾಕಿ, ಬಿಸಿಲು ಕಡಿಮೆ. ಮೇಲೆ ಥರ್ಮೊಕೋಲ್ ಮತ್ತು ಹೊಳೆಯುವ ಫಾಯಿಲ್ ಸುತ್ತಿ. ಮಾಡದಿದ್ದರೆ ಬೆಳಗಿನ ಬಿಸಿಲೇ ರಸದ ಓಟದ ಹಾಗೆ ಕಾಣುತ್ತದೆ.

ಲೆಕ್ಕ ಹೀಗೆ. ರಾತ್ರಿಯ ಗರಿಷ್ಠ ಅಂತರದಿಂದ ಈಗಿನ ಅಂತರ ಕಳೆಯಿರಿ, ಬಂದದ್ದನ್ನು ಈಗಿನ ಅಂತರದಿಂದ ಭಾಗಿಸಿ. ಆ ಸಂಖ್ಯೆಯನ್ನು 1.231ರ ಘಾತಕ್ಕೆ ಏರಿಸಿ, 42.84ರಿಂದ ಗುಣಿಸಿ. ಸಿಗುವುದು ಗಂಟೆಗೆ, ಒಂದು ಚದರ ಸೆಂ.ಮೀ. ಹಸಿ ಮರದ ಮೂಲಕ ಹೋಗುವ ನೀರು, ಮಿ.ಲೀ.ನಲ್ಲಿ. ಗರಿಷ್ಠ 10 ಡಿಗ್ರಿ, ಈಗ 8.5 ಅಂದುಕೊಳ್ಳಿ. 1.5 ಭಾಗಿಸು 8.5, ಅಂದರೆ 0.176. ಘಾತ ಏರಿಸಿದರೆ 0.118. ಗುಣಿಸಿದರೆ ಸುಮಾರು 5 ಮಿ.ಲೀ.

ನನಗೆ ಒಂದು ವಾರದ ಅಂಕಿ ಪೂರ್ತಿ ಹಾಳಾಯಿತು. ಹೊಸದು ಅಂತ ತಂದ ಬ್ಯಾಟರಿ ನಡುರಾತ್ರಿಗೇ ಸೋಲುತ್ತಿತ್ತು. ಬಿಸಿ ಕಡಿಮೆಯಾದರೆ ತಾಪದ ಅಂತರ ಇಳಿಯುತ್ತದೆ, ಲೆಕ್ಕಕ್ಕೆ ಅದು ರಸ ಓಡಿದ ಹಾಗೆಯೇ. ರಾತ್ರಿ ಎರಡು ಗಂಟೆಗೆ ಹತ್ತು ಮರವೂ ಒಟ್ಟಿಗೆ ನೀರು ಕುಡಿಯಲು ಶುರು ಮಾಡಿದವು ಅಂತ ಗ್ರಾಫ್ ತೋರಿಸಿದಾಗಲೇ ಅನುಮಾನ ಬಂತು. ಬ್ಯಾಟರಿಯ ವೋಲ್ಟೇಜನ್ನೂ ಲಾಗರ್‌ನಲ್ಲಿ ಬರೆಸಿ. ಕರೆಂಟ್ ಸ್ಥಿರವಾಗಿಡುವ ರೆಗ್ಯುಲೇಟರ್ ಹಾಕದೆ ಕೆಲಸ ಶುರು ಮಾಡಲೇಬೇಡಿ. ಮೇ ತಿಂಗಳಲ್ಲಿ ಗಾಳಿ ರಾತ್ರಿಯೂ ಒಣಗಿರುತ್ತದೆ, ಆಗ ಮರ ನಿಜವಾಗಿಯೂ ರಾತ್ರಿ ಸ್ವಲ್ಪ ಕುಡಿಯುತ್ತದೆ. ಹಾಗಾಗಿ ಗರಿಷ್ಠ ಅಂತರವನ್ನು ಒಂದೇ ರಾತ್ರಿಯಿಂದ ತೆಗೆಯದೆ ಏಳರಿಂದ ಹತ್ತು ದಿನದಲ್ಲಿ ಸಿಕ್ಕ ದೊಡ್ಡ ಅಂಕಿಯನ್ನು ಹಿಡಿಯಿರಿ.

ಈಗ ಮರದ ಲೆಕ್ಕ. ರಸ ಓಡುವುದು ಹೊರಗಿನ ಹಸಿ ಮರದಲ್ಲಿ, ನಡುವಿನ ಚೇಗಿನಲ್ಲಿ ಅಲ್ಲ. ಬೋರರ್‌ನಿಂದ ಮರ ಕೊರೆದು ಪೆನ್ಸಿಲಿನಷ್ಟು ದಪ್ಪದ ತುಂಡು ತೆಗೆದು ತಕ್ಷಣ ಬೆಳಕಿಗೆ ಹಿಡಿಯಿರಿ. ನೀರು ತುಂಬಿದ ಹಸಿ ಭಾಗದ ಮೂಲಕ ಬೆಳಕು ಕಾಣುತ್ತದೆ, ಚೇಗು ಮಂಕಾಗಿರುತ್ತದೆ. ಗುರುತು ಮಾಡಿ ಅಳೆಯಿರಿ, ಹತ್ತು ನಿಮಿಷ ತಡ ಮಾಡಿದರೆ ಒಣಗಿ ಗೆರೆ ಮಾಯವಾಗುತ್ತದೆ.

ತೊಗಟೆ ಬಿಟ್ಟು 24 ಸೆಂ.ಮೀ. ವ್ಯಾಸದ ಮರ, ಹಸಿ ಭಾಗ 5 ಸೆಂ.ಮೀ. ದಪ್ಪ ಅಂದುಕೊಳ್ಳಿ. ಹಸಿ ಮರದ ವಿಸ್ತೀರ್ಣ ಸುಮಾರು 298 ಚದರ ಸೆಂ.ಮೀ. 5ರಿಂದ ಗುಣಿಸಿದರೆ ಗಂಟೆಗೆ ಒಂದೂವರೆ ಲೀಟರ್. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಸೂಜಿ ನೋಡಿದ್ದು ಹೊರಗಿನ 2 ಸೆಂ.ಮೀ. ಮಾತ್ರ! ಒಳಗಿನ 3 ಸೆಂ.ಮೀ.ನಲ್ಲಿ ಓಟ ನಿಧಾನ. ಅಲ್ಲಿ ಅರ್ಧದಷ್ಟೇ ಓಡುತ್ತದೆ ಅಂತ ಇಟ್ಟುಕೊಂಡರೂ ಒಟ್ಟು 1.1 ಲೀಟರಿಗೆ ಇಳಿಯುತ್ತದೆ. ಕಾಲು ಭಾಗಕ್ಕೂ ಜಾಸ್ತಿ ತಪ್ಪು, ಅದೂ ಚೀಡ್ ಮೇಲೆ ಸುಮ್ನೆ ಹೊರಿಸಿದ ತಪ್ಪು. ಎರಡು ಮರಕ್ಕಾದರೂ 2ರಿಂದ 4 ಸೆಂ.ಮೀ. ಆಳದಲ್ಲಿ ಇನ್ನೊಂದು ಜೋಡಿ ಸೂಜಿ ಹಾಕಿ, ಒಳಗಿನ ಓಟ ಎಷ್ಟು ಅಂತ ಕಂಡುಕೊಳ್ಳಿ. ಸಾಧ್ಯವಾದರೆ ಕತ್ತರಿಸಿದ ಕಾಂಡದ ತುಂಡಿನ ಮೂಲಕ ತೂಕ ಮಾಡಿದ ನೀರು ಹಾಯಿಸಿ, 42.84 ನಿಮ್ಮ ಮರಕ್ಕೆ ಹೊಂದುತ್ತದಾ ಅಂತಲೂ ನೋಡಿ.

ಸಣ್ಣ, ಮಧ್ಯಮ, ದೊಡ್ಡ ಮರ ಸೇರಿ ಹತ್ತಕ್ಕೆ ಸೂಜಿ ಹಾಕಿದರೆ ಚೆನ್ನ. ಕಾಡಿಗೆ ಹಿಗ್ಗಿಸುವಾಗ ಮರಗಳ ಸಂಖ್ಯೆಯಿಂದಲ್ಲ, ಹಸಿ ಮರದ ಒಟ್ಟು ವಿಸ್ತೀರ್ಣದಿಂದ ಹಿಗ್ಗಿಸಿ. ಸುತ್ತಳತೆ ಪಟ್ಟಿ ಮಾಡಿಟ್ಟಿದ್ದು ಇದಕ್ಕೇ. ಸರಾಸರಿ ಮರ ದಿನಕ್ಕೆ 12 ಲೀಟರ್ ಕುಡಿದರೆ, ಹೆಕ್ಟೇರಿಗೆ 400 ಮರ, 4,800 ಲೀಟರ್, ಅಂದರೆ 0.48 ಮಿ.ಮೀ.

ತಾಳೆ ನೋಡುವುದು

ಮಳೆ ಇಲ್ಲದ ಒಂದು ತಿಂಗಳು ಆರಿಸಿ. ನವೆಂಬರ್ ಒಳ್ಳೆಯದು. ತಿಂಗಳ ಮೊದಲು, ಕೊನೆಗೆ, 20 ಸೆಂ.ಮೀ.ಗೆ ಒಂದರಂತೆ ಒಂದು ಮೀಟರ್ ಆಳದವರೆಗೆ ಮಣ್ಣು ತೆಗೆದು, ತೂಗಿ, 105 ಡಿಗ್ರಿ ಒಲೆಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿ. ಮಣ್ಣಿನ ಸಾಂದ್ರತೆಯನ್ನೂ ಅಳೆದಿದ್ದರೆ ತೇವ ಮಿ.ಮೀ.ಗೆ ಬರುತ್ತದೆ. ಮಣ್ಣು 18 ಮಿ.ಮೀ. ಕಳೆದುಕೊಂಡಿದೆ ಅಂದುಕೊಳ್ಳಿ. ಸೂಜಿಗಳ ಲೆಕ್ಕ ದಿನಕ್ಕೆ 0.48ರಂತೆ 14.4, ನೆಲದಿಂದ ಆರಿದ್ದು ದಿನಕ್ಕೆ 0.2ರಂತೆ 6, ಒಟ್ಟು 20.4. ಹೋದದ್ದು ಜಾಸ್ತಿ, ಮಣ್ಣು ಕೊಟ್ಟದ್ದು ಕಡಿಮೆ. ಅಳತೆಯಲ್ಲಿ ತಪ್ಪಿರಬಹುದು, ಇಲ್ಲವೇ ಬೇರು ಒಂದು ಮೀಟರಿಗಿಂತ ಕೆಳಗಿನಿಂದ ಎಳೆಯುತ್ತಿರಬಹುದು. ಎರಡನೆಯದನ್ನು ಹಗುರವಾಗಿ ತಳ್ಳಿಹಾಕಬೇಡಿ. ನಮ್ಮ ಹೊಸಕೋಟೆಯ ನೀಲಗಿರಿ ತೋಪಿನಲ್ಲಿ ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಅವರ ಜೊತೆಗಾರರು ಅಳೆದಾಗ, ಆ ವರ್ಷಗಳಲ್ಲಿ ಬಿದ್ದ ಮಳೆಗಿಂತ ಮರ ಬಳಸಿದ ನೀರೇ ಜಾಸ್ತಿ ಬಂದಿತ್ತು. ಬೇರು ಹೊಸ ಹೊಸ ಆಳದ ಮಣ್ಣಿಗೆ ಇಳಿಯುತ್ತಾ ಹಳೆಯ ತೇವವನ್ನು ಎಳೆದಿರಬಹುದು ಅಂತ ಅವರು ವಿವರಿಸಿದರು.

ಇಡೀ ಹಳ್ಳದ ಲೆಕ್ಕ ಬೇಕು ಅನ್ನುವವರು ತೊರೆಗೆ ಅಡ್ಡ ಸಣ್ಣ ಕಟ್ಟೆ ಕಟ್ಟಿ 90 ಡಿಗ್ರಿಯ ವಿ ಆಕಾರದ ಕಚ್ಚು ಬಿಡಬೇಕು. ಕಚ್ಚಿನ ಮೂಲೆಯಿಂದ ನೀರು 10 ಸೆಂ.ಮೀ. ಎತ್ತರ ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್ ಹರಿಯುತ್ತದೆ. ಆದರೆ ಇದಕ್ಕೆ ವರ್ಷಗಟ್ಟಲೆ ತಾಳ್ಮೆ ಬೇಕು. ಅಮೆರಿಕದ ಉತ್ತರ ಕ್ಯಾರೊಲಿನಾದ ಕೊವೀಟಾದಲ್ಲಿ ಎಲೆ ಉದುರಿಸುವ ಕಾಡು ತೆಗೆದು 1950ರ ದಶಕದಲ್ಲಿ ಬಿಳಿ ಪೈನ್ ನೆಟ್ಟು ತೊರೆಯನ್ನು ಅಳೆಯುತ್ತಲೇ ಇದ್ದರು. 15 ವರ್ಷದಲ್ಲಿ ವರ್ಷದ ಹರಿವು ಸುಮಾರು 200 ಮಿ.ಮೀ., ಅಂದರೆ ಶೇ. 20ರಷ್ಟು ಇಳಿದಿತ್ತು. ಹಳೆಯ ಕಾಡು ಬೋಳಾಗಿ ನಿಲ್ಲುತ್ತಿದ್ದ ತಿಂಗಳುಗಳಲ್ಲೂ ಪೈನ್ ಎಲೆ ಮಳೆಯನ್ನು ತಡೆಯುತ್ತಿತ್ತು, ಅದು ದೊಡ್ಡ ಕಾರಣ. ಕುಮಾವೂಂಗೆ ಈ ಅಂಕಿಯನ್ನು ಹಾಗೇ ಎತ್ತಿ ತರಬಾರದು, ಯಾಕೆಂದರೆ ಬಾಂಜ್ ಕೂಡ ಎಲೆ ಹೊತ್ತೇ ಇರುವ ಮರ. ಅಲ್ಲಿ ಚೀಡ್ ಇಳಿಜಾರು, ಬಾಂಜ್ ಇಳಿಜಾರು ಎರಡನ್ನೂ ಒಂದೇ ವರ್ಷ, ಒಂದೇ ಎತ್ತರದಲ್ಲಿ, ಒಂದೇ ಬಗೆಯ ಆಲಿಕೆಗಳಿಂದ ಅಳೆದರೆ ಮಾತ್ರ ಊರಿನವರ ಮಾತಿಗೆ ಉತ್ತರ ಸಿಗುತ್ತದೆ.

ಗೋಪುರ ಕಟ್ಟಿ ಗಾಳಿಯ ಅಲೆಯಲ್ಲಿ ಆವಿಯನ್ನು ಸೆಕೆಂಡಿಗೆ ಹತ್ತಿಪ್ಪತ್ತು ಸಲ ಅಳೆಯುವ ವಿಧಾನವೂ ಇದೆ. ಫಿನ್‌ಲೆಂಡಿನ ಹ್ಯೂಟಿಯಾಲಾ, ಇಸ್ರೇಲಿನ ಯತೀರ್ ಪೈನ್ ಕಾಡುಗಳಲ್ಲಿ ಅದನ್ನೇ ಮಾಡುತ್ತಾರೆ. ಕಡಿದಾದ ಬೆಟ್ಟದಲ್ಲಿ ಗಾಳಿ ಇಳಿಜಾರಿಗುಂಟ ಜಾರುವುದರಿಂದ ಲೆಕ್ಕ ಕೈಕೊಡುತ್ತದೆ. ಖರ್ಚಂತೂ ಊರಿನ ಗುಂಪಿಗೆ ಆಗದ ಮಾತು.

ಶುರು ಮಾಡುವುದಾದರೆ ಮೇ ಮುಗಿಯುವುದರೊಳಗೆ ಆಲಿಕೆಗಳು ನೆಲದಲ್ಲಿ ಇರಲಿ. ಸುತ್ತ ಎರಡು ಮೀಟರ್ ಪಿರುಲ್ ಗುಡಿಸಿಡಿ, ಕಾಡಿಗೆ ಬೆಂಕಿ ಬಿದ್ದರೆ ಪ್ಲಾಸ್ಟಿಕ್ ಉಳಿಯುವುದಿಲ್ಲ. ಪುಸ್ತಕದಲ್ಲಿ ತಾರೀಕು, ಹೊತ್ತು, ಆಲಿಕೆ ನಂಬರ್, ಮಿ.ಲೀ., ಬರೆದವರ ಹೆಸರು, ಇಷ್ಟು ಕಾಲಂ ಸಾಕು. ಕ್ಯಾನ್ ಉರುಳಿದ್ದರೆ ಸೊನ್ನೆ ಬರೆಯಬೇಡಿ, 'ಉರುಳಿದೆ' ಅಂತಲೇ ಬರೆಯಿರಿ.